ಮುಕ್ಕಾಸಿನ ಮೇಲೆ ಓಡಿದ ಕುದುರೆ

ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆಯಿರಿ. ಅದರಲ್ಲಿ ಎಷ್ಟು ಪ್ರಾಣಿಗಳಿವೆ, ಹೇಳಿ ನೋಡೋಣ! ಮೂರು ಸಿಂಹ ಅಂತ ಎಲ್ಲರೂ ಹೇಳುತ್ತಾರೆ. ಈಗ ಕನ್ನಡಕ ಏರಿಸಿಕೊಂಡು ಸಿಂಹಗಳ ಕಾಲ ಕೆಳಗೆ ನೋಡಿ. ನಡುವೆ ಚಕ್ರ, ಬಲಕ್ಕೆ ಗೂಳಿ, ಎಡಕ್ಕೆ ಕುದುರೆ. ಇವತ್ತಿನ ಬರಹ ಆ ಕುದುರೆಯ ಬಗ್ಗೆ.

ಕಾಶಿಗೆ ಬಂದು ನೆಲೆಸಿ ಮೂವತ್ತು ವರ್ಷ ದಾಟಿದವನು ನಾನು. ಊರಿಂದ ಯಾತ್ರೆಗೆ ಬಂದ ನೆಂಟರನ್ನು ಸಾರನಾಥಕ್ಕೆ ಕರೆದುಕೊಂಡು ಹೋಗುವುದು ನನ್ನ ಕಾಯಂ ಕೆಲಸ. ಇಲ್ಲಿಂದ ಹತ್ತು ಕಿಲೋಮೀಟರ್ ಅಷ್ಟೆ. ಮ್ಯೂಸಿಯಂ ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: "ನಮ್ಮ ನೋಟಿನ ಮೇಲಿರೋ ಸಿಂಹ ಇದೇನಾ?" ಹೌದು, ಅದೇ. ಆದರೆ ನಾನು ಅವರಿಗೆ ಸ್ವಲ್ಪ ಬಗ್ಗಿ ನೋಡಿ ಅನ್ನುತ್ತೇನೆ.

ಸಿಂಹಗಳು ನಿಂತಿರುವ ದುಂಡು ಪೀಠದ ಸುತ್ತ ಆನೆ, ಗೂಳಿ, ಕುದುರೆ, ಸಿಂಹ ಹೀಗೆ ನಾಲ್ಕು ಪ್ರಾಣಿಗಳಿವೆ. ಎರಡೆರಡರ ನಡುವೆ ಒಂದೊಂದು ಚಕ್ರ, ಪ್ರತಿ ಚಕ್ರಕ್ಕೂ 24 ಅರಗಳು. ಕುದುರೆ ಮಾತ್ರ ನಾಗಾಲೋಟದಲ್ಲಿದೆ. ಚುನಾರಿನ ಮರಳುಗಲ್ಲಿಗೆ ಕನ್ನಡಿಯಂಥ ಹೊಳಪು ಕೊಟ್ಟವರು ಕ್ರಿಸ್ತಪೂರ್ವ ಮೂರನೇ ಶತಮಾನದ ಶಿಲ್ಪಿಗಳು. ಮಣ್ಣಲ್ಲಿ ಹೂತುಹೋಗಿದ್ದ ಇದನ್ನು 1904-05ರ ಉತ್ಖನನದಲ್ಲಿ ಹೊರತೆಗೆದವರು ಎಫ್. ಓ. ಓರ್ಟೆಲ್ ಎಂಬ ಇಂಜಿನಿಯರ್. ಇದನ್ನು ನಿಲ್ಲಿಸಿದ ರಾಜನಿಗೂ ನಮಗೂ ಒಂದು ನಂಟಿದೆ. ತನ್ನ ಹೆಚ್ಚಿನ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಹೇಳಿಕೊಂಡ ಅವನ ಅಶೋಕ ಎಂಬ ಹೆಸರು ಕಲ್ಲಿನ ಮೇಲೆ ಕಂಡದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ!

ಈಗ ನಾಣ್ಯದ ವಿಷಯಕ್ಕೆ ಬರೋಣ. 1950ರ ಜನವರಿ 26ರಂದು ಸಾರನಾಥದ ಸಿಂಹಗಳು ರಾಷ್ಟ್ರಲಾಂಛನವಾದವು. ಅದೇ ವರ್ಷ ಆಗಸ್ಟ್ 15ಕ್ಕೆ ಗಣರಾಜ್ಯದ ಮೊದಲ ನಾಣ್ಯಗಳು ಬಂದವು. ಬ್ರಿಟಿಷ್ ದೊರೆಯ ಮುಖ ಹೋಗಿ ಆ ಜಾಗದಲ್ಲಿ ಸಿಂಹಗಳು ಕೂತವು. ಹಿಂಬದಿಗೆ ಏನಿತ್ತು? ರೂಪಾಯಿ, ಎಂಟಾಣೆ, ನಾಲ್ಕಾಣೆಗೆ ಧಾನ್ಯದ ತೆನೆ. ಎರಡಾಣೆ, ಒಂದಾಣೆ, ಅರ್ಧಾಣೆಗೆ ಸಾರನಾಥದ ಗೂಳಿ. ಎಲ್ಲಕ್ಕಿಂತ ಚಿಕ್ಕದಾದ ಕಂಚಿನ ಕಾಲಾಣೆಗೆ ಸಾರನಾಥದ ಕುದುರೆ!

ಕಾಲಾಣೆ ಅಂದರೆ ನಮ್ಮ ಹಿರಿಯರ ಮುಕ್ಕಾಸು. ಆಣೆಗೆ ಹನ್ನೆರಡು ಕಾಸು, ಹಾಗಾಗಿ ಕಾಲಾಣೆಗೆ ಮೂರು ಕಾಸು. ಅಂಥವು 64 ಸೇರಿದರೆ ಒಂದು ರೂಪಾಯಿ. ಯುದ್ಧಕಾಲದಲ್ಲಿ ಲೋಹ ಉಳಿಸಲು 1943ರಿಂದ ಮಧ್ಯದಲ್ಲಿ ತೂತಿರುವ ಕಾಲಾಣೆ ಬರುತ್ತಿತ್ತು. ಆ ತೂತಿನ ಕಾಸಿನ ಜಾಗಕ್ಕೆ ಓಡಿ ಬಂದದ್ದು ಈ ಕುದುರೆ.

ನನ್ನ ಹತ್ತಿರ 1951ರ ಒಂದು ಕಾಲಾಣೆ ಇದೆ, ಅಜ್ಜಿಯ ಎಲೆ-ಅಡಿಕೆ ಚೀಲದಲ್ಲಿ ಉಳಿದಿದ್ದದ್ದು. ಕುದುರೆಯ ಮುಖ ಸವೆದುಹೋಗಿದೆ. ಎಷ್ಟು ಸಂತೆ, ಎಷ್ಟು ಕೈ ಸುತ್ತಿದೆಯೋ! ಅಜ್ಜಿ ಕಾಶಿಯನ್ನೂ ನೋಡಲಿಲ್ಲ, ಸಾರನಾಥವನ್ನೂ ನೋಡಲಿಲ್ಲ. ಆದರೆ ಸಾರನಾಥದ ಕುದುರೆ ಅವಳ ಸೊಂಟದ ಚೀಲದಲ್ಲೇ ಇತ್ತು.

ಈ ಕುದುರೆ ಯಾರದು? ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಾಲ್ಕು ಪ್ರಾಣಿಗಳು ನಾಲ್ಕು ದಿಕ್ಕು ಎನ್ನುವವರಿದ್ದಾರೆ. ಬುದ್ಧನ ಬದುಕಿನ ಘಟ್ಟಗಳು ಎನ್ನುವವರೂ ಇದ್ದಾರೆ. ಆನೆ ಮಾಯಾದೇವಿಯ ಕನಸು, ಕುದುರೆ ಸಿದ್ಧಾರ್ಥ ಮನೆ ಬಿಟ್ಟ ರಾತ್ರಿಯ ಕಂಥಕ. ಊರು ಎಚ್ಚರಗೊಳ್ಳದಿರಲೆಂದು ದೇವತೆಗಳು ಕಂಥಕನ ಗೊರಸಿನಡಿ ಕೈಯಿಟ್ಟರಂತೆ. ಒಡೆಯನನ್ನು ಬಿಟ್ಟಿರಲಾರದೆ ಆ ಕುದುರೆ ಎದೆಯೊಡೆದು ಸತ್ತಿತು ಅನ್ನುತ್ತದೆ ಪಾಲಿ ಕಥೆ. ಸಾಂಚಿಯ ತೋರಣದಲ್ಲಿ ಸವಾರನಿಲ್ಲದ ಆ ಕುದುರೆಯ ಮೇಲೆ ಕೊಡೆ ಹಿಡಿದಿರುವುದನ್ನು ನೋಡಬಹುದು. ನನಗೆ ಹಿಡಿಸುವುದು ಈ ಎರಡನೆಯ ಅರ್ಥವೇ. ರಾತ್ರಿ ಬಸ್ಸು ಹತ್ತಿ ಊರು ಬಿಟ್ಟವರಿಗೆ ಹಿಡಿಸದೆ ಇರುತ್ತದೆಯೇ? ಹೋದವನ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಬಿಟ್ಟುಬಂದದ್ದರ ಕಥೆಯನ್ನು ಹೇಳುವವರು ಕಡಿಮೆ.

ಅಂದ ಹಾಗೆ, ಪುರಾಣದ ಕುದುರೆಯನ್ನು ನಾಣ್ಯಕ್ಕೆ ತಂದವರು ನಾವು ಮಾತ್ರ ಅಲ್ಲ. ಗುಪ್ತರ ಸಮುದ್ರಗುಪ್ತ ಅಶ್ವಮೇಧದ ಕುದುರೆಯನ್ನು ಚಿನ್ನದ ನಾಣ್ಯದಲ್ಲಿ ಹಾಕಿಸಿದ್ದ. ಬಾಲ್ಟಿಕ್ ಕಡಲ ದಂಡೆಯ ಲಾಟ್ವಿಯಾದಲ್ಲೂ ಅಲ್ಲಿನ ಪುರಾಣದ ಕುದುರೆಗಳಿಂದ ಪ್ರೇರಿತವಾದ ಸಂಗ್ರಹ ನಾಣ್ಯವಿದೆ. ಅವರ ಜನಪದ ಹಾಡುಗಳಲ್ಲಿ ದೇವಪುತ್ರರು ಕುದುರೆ ಏರಿ ಸೂರ್ಯನ ಮಗಳನ್ನು ವರಿಸಲು ಬರುತ್ತಾರೆ. ನಮ್ಮ ಋಗ್ವೇದದಲ್ಲಿ ಸೂರ್ಯನ ಮಗಳು ಅಶ್ವಿನಿ ದೇವತೆಗಳ ರಥ ಏರುತ್ತಾಳೆ. ಅವರ ಭಾಷೆಯಲ್ಲಿ ದೇವರಿಗೆ 'ದಿಯೆವ್ಸ್' ಅನ್ನುತ್ತಾರೆ, ನಮ್ಮ 'ದೇವ'ನ ದಾಯಾದಿ ಪದ. ಎಲ್ಲಿಯ ಲಾಟ್ವಿಯಾ, ಎಲ್ಲಿಯ ಕಾಶಿ!

ಆದರೆ ಒಂದು ವ್ಯತ್ಯಾಸ ಗಮನಿಸಿ. ಸಮುದ್ರಗುಪ್ತನ ಕುದುರೆ ಚಿನ್ನದ ಮೇಲಿತ್ತು, ಅದು ಗೆದ್ದ ರಾಜನ ಕುದುರೆ. ಸಂಗ್ರಹ ನಾಣ್ಯ ಇರುವುದು ಪೆಟ್ಟಿಗೆಯಲ್ಲಿಟ್ಟು ನೋಡಲು. ಅದನ್ನು ಕೊಟ್ಟು ಯಾರೂ ಸೊಪ್ಪು ಕೊಳ್ಳುವುದಿಲ್ಲ. ಹೊಸ ಗಣರಾಜ್ಯ ಮಾತ್ರ ತನ್ನ ಅತಿ ಸುಂದರವಾದ ಕುದುರೆಯನ್ನು ಎಲ್ಲಕ್ಕಿಂತ ಅಗ್ಗದ ನಾಣ್ಯದ ಮೇಲೆ ಬಿಟ್ಟಿತು. ಕೂಲಿಯವರ ಕೈಗೆ, ಮಕ್ಕಳ ಕೈಗೆ, ಭಿಕ್ಷೆಯ ತಟ್ಟೆಗೆ. ಬೇಕೆಂದೇ ಮಾಡಿದರೋ, ಹಾಗೆ ಒದಗಿ ಬಂತೋ, ನನಗೆ ಅದು ಸರಿಯಾಗಿಯೇ ಕಾಣುತ್ತದೆ. ಮನೆ ಬಿಟ್ಟವನು ಕೊನೆಗೆ ಹಿಡಿದದ್ದೂ ಭಿಕ್ಷಾಪಾತ್ರೆಯನ್ನೇ ತಾನೆ?

ಕುದುರೆಯ ಓಟ ಹೆಚ್ಚು ದಿನ ನಡೆಯಲಿಲ್ಲ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ ಬಂತು. ಹೊಸ ನಾಣ್ಯಗಳ ಹಿಂಬದಿಯಲ್ಲಿ ಕುದುರೆಯೂ ಇಲ್ಲ, ಗೂಳಿಯೂ ಇಲ್ಲ, ಅಂಕಿ ಮಾತ್ರ. ಕುದುರೆ ಮತ್ತೆ ಸಿಂಹಗಳ ಕಾಲಡಿಗೆ, ಸಾಸಿವೆಯಷ್ಟು ಚಿಕ್ಕದಾಗಿ ಹೋಗಿ ನಿಂತಿತು. ಈಗಲೂ ಅಲ್ಲೇ ಇದೆ.

ಮುಂದಿನ ಸಲ ಊರಿಗೆ ಹೋದಾಗ ಹಳೇ ಡಬ್ಬಿ, ಸಂದೂಕ ತಡಕಿ ನೋಡಿ. 1950ರಿಂದ 1955ರವರೆಗಿನ ಕಾಲಾಣೆ ಸಿಕ್ಕರೆ ಹುಣಿಸೆಹಣ್ಣು ಹಾಕಿ ಉಜ್ಜಬೇಡಿ, ಕುದುರೆ ಇನ್ನಷ್ಟು ಸವೆಯುತ್ತದೆ. ಮಕ್ಕಳ ಅಂಗೈ ಮೇಲೆ ಇಟ್ಟು, ಇದು ಸಾರನಾಥದಿಂದ ಓಡಿ ಬಂದದ್ದು ಅಂತ ಹೇಳಿ. ಸಿಕ್ಕರೆ ನನಗೂ ತಿಳಿಸಿ, ಯಾವ ವರ್ಷದ್ದು ಅಂತ.