ಮಕ್ಕಳಲ್ಲಿ ಇಮ್ಯುನೊಗ್ಲಾಬ್ಯುಲಿನ್ ಚಿಕಿತ್ಸೆಯ ಅಡ್ಡಪರಿಣಾಮಗಳು

ಅಭಿಧಮನಿಯ ಮೂಲಕ ನೀಡುವ ಇಮ್ಯುನೊಗ್ಲಾಬ್ಯುಲಿನ್, ಸಂಕ್ಷಿಪ್ತವಾಗಿ ಐವಿಐಜಿ, ಸಾವಿರಾರು ದಾನಿಗಳ ರಕ್ತದ ಪ್ಲಾಸ್ಮಾದಿಂದ ಬೇರ್ಪಡಿಸಿ ಶುದ್ಧೀಕರಿಸಿದ ಪ್ರತಿಕಾಯಗಳ ದ್ರಾವಣವಾಗಿದೆ. ಮಕ್ಕಳಲ್ಲಿ ಇದನ್ನು ಕವಾಸಾಕಿ ಕಾಯಿಲೆ, ಜನ್ಮಜಾತ ರೋಗನಿರೋಧಕ ಶಕ್ತಿಯ ಕೊರತೆ, ಗಿಲನ್-ಬಾರೆ ಸಿಂಡ್ರೋಮ್ ಮುಂತಾದವುಗಳಲ್ಲಿ ಬಳಸಲಾಗುತ್ತದೆ. ಇದರ ಅಡ್ಡಪರಿಣಾಮಗಳಲ್ಲಿ ಹೆಚ್ಚಿನವು ಸೌಮ್ಯವಾಗಿದ್ದು ಬೇಗನೆ ಶಮನವಾಗುತ್ತವೆ. ಆದರೆ ಕೆಲವು ಗಂಭೀರ ಪರಿಣಾಮಗಳು ಮಗು ಮನೆಗೆ ಮರಳಿದ ನಂತರವೂ ಕಾಣಿಸಿಕೊಳ್ಳಬಹುದು.

ತಕ್ಷಣದ ಪರಿಣಾಮಗಳು

ಜ್ವರ, ಚಳಿ, ತಲೆನೋವು, ವಾಕರಿಕೆ, ಮೈಕೈ ನೋವು ಹಾಗೂ ಮುಖ ಕೆಂಪೇರುವುದು ಸಾಮಾನ್ಯ ಲಕ್ಷಣಗಳು. ಇವು ಬಹುಮಟ್ಟಿಗೆ ದ್ರಾವಣ ಹರಿಯುವ ವೇಗವನ್ನು ಅವಲಂಬಿಸಿವೆ. ಆದ್ದರಿಂದ ಆರಂಭದಲ್ಲಿ ನಿಧಾನವಾಗಿ ನೀಡಿ, ಮಗುವಿನ ನಾಡಿ, ರಕ್ತದೊತ್ತಡ ಮತ್ತು ದೇಹದ ಉಷ್ಣತೆಯನ್ನು ಗಮನಿಸುತ್ತ ವೇಗವನ್ನು ಹೆಚ್ಚಿಸಲಾಗುತ್ತದೆ. ಲಕ್ಷಣಗಳು ಕಂಡರೆ ವೇಗ ತಗ್ಗಿಸುವುದು ಅಥವಾ ತಾತ್ಕಾಲಿಕವಾಗಿ ನಿಲ್ಲಿಸುವುದು ಮೊದಲ ಕ್ರಮ. ಉಸಿರಾಟದ ತೊಂದರೆ, ರಕ್ತದೊತ್ತಡದ ಕುಸಿತಗಳಿಂದ ಕೂಡಿದ ಅನಾಫಿಲಾಕ್ಸಿಸ್ ಅಪರೂಪ.

ತಡವಾಗಿ ಬರುವ ಪರಿಣಾಮಗಳು

ಸೋಂಕಿಲ್ಲದೆ ಉಂಟಾಗುವ ಮಿದುಳುಪೊರೆಯ ಉರಿಯೂತವು ಸಾಮಾನ್ಯವಾಗಿ ಎರಡು ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ. ತೀವ್ರ ತಲೆನೋವು, ವಾಂತಿ, ಕತ್ತಿನ ಬಿಗಿತ ಹಾಗೂ ಬೆಳಕನ್ನು ಸಹಿಸಲಾಗದಿರುವುದು ಇದರ ಲಕ್ಷಣಗಳು. ಮಾತು ಬಾರದ ಶಿಶುಗಳಲ್ಲಿ ಇದು ಕೇವಲ ಕಿರಿಕಿರಿ ಮತ್ತು ಅಳುವಿನ ರೂಪದಲ್ಲಿರಬಹುದು. ಬ್ಯಾಕ್ಟೀರಿಯಾ ಸೋಂಕಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಗತ್ಯ.

ದಾನಿಗಳ ಪ್ಲಾಸ್ಮಾದಲ್ಲಿರುವ ಎ ಮತ್ತು ಬಿ ವಿರೋಧಿ ಪ್ರತಿಕಾಯಗಳು ಮಗುವಿನ ಕೆಂಪು ರಕ್ತಕಣಗಳನ್ನು ನಾಶಪಡಿಸಬಹುದು. ಎ, ಬಿ ಅಥವಾ ಎಬಿ ಗುಂಪಿನ ರಕ್ತವುಳ್ಳ, ಹೆಚ್ಚಿನ ಪ್ರಮಾಣದ ಔಷಧ ಪಡೆದ ಮಕ್ಕಳಲ್ಲಿ ಈ ಅಪಾಯ ಅಧಿಕ. ಮೈ ಬಿಳಿಚಿಕೊಳ್ಳುವುದು, ಕಾಮಾಲೆ ಮತ್ತು ಕಡುಬಣ್ಣದ ಮೂತ್ರ ಇದರ ಸೂಚನೆಗಳು. ರಕ್ತ ಹೆಪ್ಪುಗಟ್ಟುವುದು ಮತ್ತು ಮೂತ್ರಪಿಂಡಗಳ ವೈಫಲ್ಯ ಅಪರೂಪವಾಗಿ ಸಂಭವಿಸುತ್ತವೆ. ಮಗುವಿನ ದೇಹದಲ್ಲಿ ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳುವುದು ಮುನ್ನೆಚ್ಚರಿಕೆಯ ಭಾಗ.

ಕವಾಸಾಕಿ ಕಾಯಿಲೆಯಲ್ಲಿ ಜ್ವರ

ಈ ಕಾಯಿಲೆಯಲ್ಲಿ ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ 2 ಗ್ರಾಂನಂತೆ ಒಂದೇ ಬಾರಿ 10ರಿಂದ 12 ಗಂಟೆಗಳ ಅವಧಿಯಲ್ಲಿ ನೀಡುವುದು ರೂಢಿ. ಚಿಕಿತ್ಸೆಯ ವೇಳೆ ಬರುವ ಜ್ವರ ಔಷಧದ ಪರಿಣಾಮವಿರಬಹುದು. ಆದರೆ ಚಿಕಿತ್ಸೆ ಮುಗಿದು 36 ಗಂಟೆಗಳಾದರೂ ಉಳಿದ ಅಥವಾ ಮರುಕಳಿಸಿದ ಜ್ವರವು ಕಾಯಿಲೆ ಔಷಧಕ್ಕೆ ಮಣಿದಿಲ್ಲವೆಂಬುದನ್ನು ಸೂಚಿಸಬಹುದು. ಚಿಕಿತ್ಸೆಯಿಲ್ಲದಿದ್ದರೆ ಸುಮಾರು ಕಾಲುಭಾಗದಷ್ಟು ಮಕ್ಕಳಲ್ಲಿ ಹೃದಯದ ಕರೋನರಿ ಅಪಧಮನಿಗಳಿಗೆ ಹಾನಿಯಾಗುವುದರಿಂದ, ಸೌಮ್ಯ ಅಡ್ಡಪರಿಣಾಮಗಳ ಕಾರಣಕ್ಕೆ ಚಿಕಿತ್ಸೆಯನ್ನು ಕೈಬಿಡುವುದಿಲ್ಲ.

ಲಸಿಕೆಗಳ ಮೇಲಿನ ಪರಿಣಾಮ

ದಾನಿಗಳಿಂದ ಬಂದ ಪ್ರತಿಕಾಯಗಳು ಸಜೀವ ಲಸಿಕೆಗಳ ಪರಿಣಾಮವನ್ನು ಕುಗ್ಗಿಸುತ್ತವೆ. ಹೀಗಾಗಿ ಕವಾಸಾಕಿ ಚಿಕಿತ್ಸೆಯ ನಂತರ ದಡಾರ, ಮಂಗನಬಾವು, ರುಬೆಲ್ಲಾ ಮತ್ತು ಸೀತಾಳೆ ಸಿಡುಬಿನ ಲಸಿಕೆಗಳನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡಲಾಗುತ್ತದೆ. ನಿಷ್ಕ್ರಿಯ ಲಸಿಕೆಗಳಿಗೆ ಈ ನಿರ್ಬಂಧವಿಲ್ಲ.