ಮಗುವಿನ ದೇಹದ ತೀರ್ಪು ಯಾರ ಕೈಯಲ್ಲಿ?

ಟ್ರಾನ್ಸ್‌ಜೆಂಡರ್ ಮಕ್ಕಳಿಗೆ ಕೊಡುತ್ತಿದ್ದ ಔಷಧವೊಂದನ್ನು ಬ್ರಿಟನ್ ಸರ್ಕಾರ ನಿಷೇಧಿಸಿತು. ಅಂಥದ್ದೇ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಈ ಸುದ್ದಿಗಳು ಮೊಬೈಲ್ ಮೂಲಕ ನಮ್ಮ ಮನೆಗಳಿಗೂ ಬಂದಿವೆ. ಜೊತೆಗೆ ಒಂದಿಷ್ಟು ಗೇಲಿಯೂ ಬಂದಿದೆ. ಜುಮಾ ಮುಗಿದ ಮೇಲೆ ಈ ಬಗ್ಗೆ ಕೇಳುವವರಿದ್ದಾರೆ. ಹೆಚ್ಚಿನವರು ಕುತೂಹಲದಿಂದ ಕೇಳುತ್ತಾರೆ, ಒಬ್ಬಿಬ್ಬರು ಎಲ್ಲರೂ ಹೋಗುವವರೆಗೆ ಕಾದು ಧ್ವನಿ ತಗ್ಗಿಸಿ ಕೇಳುತ್ತಾರೆ. ಹಾಗೆ ಕೇಳುವವರ ಮನೆಯಲ್ಲೊಂದು ಮಗುವಿದೆ ಎಂಬುದು ನಮಗೆ ಅರ್ಥವಾಗುತ್ತದೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯದ ಇತಿಹಾಸವನ್ನು ಒಂದಿಷ್ಟು ಬಿಡಿಸಿ ನೋಡೋಣ.

ನ್ಯಾಯಾಧಿಪತಿಯ ನಿದ್ದೆಗೆಟ್ಟ ರಾತ್ರಿ

ಇಸ್ಲಾಮಿಗೆ ಮುಂಚಿನ ಅರಬರಲ್ಲಿ ಆಮಿರ್ ಬಿನ್ ಝರಿಬ್ ಎಂಬ ನ್ಯಾಯಾಧಿಪತಿಯಿದ್ದ. ಇಬ್ನು ಹಿಶಾಮ್(ರ)ರವರ ಸೀರಾ ಗ್ರಂಥದಲ್ಲಿ ಅವನ ಪ್ರಸಂಗವಿದೆ. ಹೆಣ್ಣಿನ ಗುರುತು, ಗಂಡಿನ ಗುರುತು ಎರಡೂ ಇದ್ದ ವ್ಯಕ್ತಿಯೊಬ್ಬರನ್ನು ಯಾರೆಂದು ಗಣಿಸಬೇಕು ಎಂಬ ಪ್ರಶ್ನೆ ಅವನ ಮುಂದೆ ಬಂತು. ಇಷ್ಟು ಕಠಿಣವಾದ ಪ್ರಕರಣ ತನ್ನ ಬಳಿಗೆ ಬಂದದ್ದೇ ಇಲ್ಲವೆಂದು ಅವನು ಕಾಲಾವಕಾಶ ಕೇಳಿದ. ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಅವನ ಕುರಿಗಳನ್ನು ಕಾಯುತ್ತಿದ್ದ ಸುಖೈಲಾ ಎಂಬ ದಾಸಿ ಅದನ್ನು ಗಮನಿಸಿದಳು. ಕುರಿ ಹೊಡೆದುಕೊಂಡು ಹೋಗಲು ತಡಮಾಡುತ್ತಾಳೆಂದು ದಿನವೂ ಅವನಿಂದ ಮಾತು ಕೇಳುತ್ತಿದ್ದವಳು ಅವಳು. ವಿಷಯ ತಿಳಿದು, ಮೂತ್ರ ಯಾವ ದಾರಿಯಿಂದ ಬರುತ್ತದೋ ಅದನ್ನು ಅನುಸರಿಸಿ ತೀರ್ಮಾನಿಸಬಹುದಲ್ಲ ಎಂದಳು. ಬೆಳಗ್ಗೆ ಅವನು ಹಾಗೆಯೇ ತೀರ್ಪು ಕೊಟ್ಟ.

ಮುಂದೆ ನಮ್ಮ ಫಿಕ್ಹ್ ಗ್ರಂಥಗಳು ಇಂಥ ವ್ಯಕ್ತಿಯನ್ನು ಖುನ್ಸಾ ಎಂದು ಕರೆದವು. 1037ರಲ್ಲಿ ನಿಧನರಾದ ಇಮಾಮ್ ಖುದೂರಿ(ರ)ರವರ ಗ್ರಂಥವನ್ನು ಹನಫಿ ಮದ್ರಸಗಳಲ್ಲಿ ಇಂದಿಗೂ ಓದಿಸುತ್ತಾರೆ. ಅದರಲ್ಲಿ ಖುನ್ಸಾಗೆಂದೇ ಒಂದು ಅಧ್ಯಾಯವಿದೆ. ಮಗು ಚಿಕ್ಕದಿದ್ದಾಗ ಮೂತ್ರದ ದಾರಿಯನ್ನು ನೋಡಬೇಕು. ಬೆಳೆದ ಮೇಲೆ ಗಡ್ಡ ಬಂದರೆ ಒಂದು ತೀರ್ಮಾನ, ಮುಟ್ಟು ಬಂದರೆ ಇನ್ನೊಂದು. ಯಾವುದೂ ಸ್ಪಷ್ಟವಾಗದಿದ್ದರೆ ಅವರು ಖುನ್ಸಾ ಮುಶ್ಕಿಲ್. ಹಾಗೆಂದು ಅವರನ್ನು ಹೊರಗಿಡಲಿಲ್ಲ. ಗಂಡಸರ ಸಾಲಿಗೂ ಹೆಂಗಸರ ಸಾಲಿಗೂ ನಡುವೆ ನಮಾಝಿಗೆ ನಿಲ್ಲುವ ಜಾಗ ಕೊಟ್ಟರು, ವಾರಸು ಪಾಲನ್ನೂ ನಿಗದಿ ಮಾಡಿದರು. ಶಾಫಿಈ ವಿದ್ವಾಂಸರು ಖಚಿತವಾದಷ್ಟು ಪಾಲನ್ನು ಕೊಟ್ಟು, ಉಳಿದದ್ದನ್ನು ವಿಷಯ ಸ್ಪಷ್ಟವಾಗುವವರೆಗೆ ಹಂಚದೆ ತೆಗೆದಿಡಬೇಕೆಂದರು.

ಕರಾವಳಿಯ ನಮ್ಮ ಜನ ಬಹಳವಾಗಿ ಗೌರವಿಸುವ ಇಮಾಮ್ ನವವಿ(ರ) 1277ರಲ್ಲಿ ತೀರಿಕೊಂಡವರು. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಚರ್ಚಿಸಿದ್ದಾರೆ. ದೇಹದ ಗುರುತುಗಳಿಂದ ಏನೂ ತಿಳಿಯದಿದ್ದಾಗ ಆ ವ್ಯಕ್ತಿಯನ್ನೇ ಕೇಳಬೇಕು, ತನ್ನ ಒಲವು ಯಾವ ಕಡೆಗೆಂದು ಹೇಳಿದ ಮಾತನ್ನು ಒಪ್ಪಬೇಕು. ಆದರೆ ಕೇಳಬೇಕಾದದ್ದು ಪ್ರಾಯಕ್ಕೆ ಬಂದು ಬುದ್ಧಿ ಬಲಿತ ಮೇಲೆ, ಒಮ್ಮೆ ಹೇಳಿದ ಮೇಲೆ ಮಾತು ಬದಲಿಸುವಂತಿಲ್ಲ. ತಿಳಿವಳಿಕೆ ಬಂದ ಚಿಕ್ಕ ಮಗುವಿನ ಮಾತನ್ನೂ ಒಪ್ಪಬಹುದೆಂಬ ಅಭಿಪ್ರಾಯ ಆಗಲೇ ಇತ್ತು. ತಂದೆ ತಾಯಿ ಬೇರೆಯಾದಾಗ ಯಾರ ಜೊತೆ ಇರುತ್ತೀಯೆಂದು ಮಗುವನ್ನು ಕೇಳುವುದಿಲ್ಲವೇ ಎಂಬುದು ಅವರ ವಾದ. ನವವಿ(ರ)ಯವರು ಅದನ್ನು ಒಪ್ಪಲಿಲ್ಲ. ಮಗುವಿನ ಮಾತಿಗೆ ಎಷ್ಟು ತೂಕ, ಯಾವ ವಯಸ್ಸಿನಲ್ಲಿ ತೂಕ ಎಂಬ ಈ ಚರ್ಚೆ ಏಳುನೂರು ವರ್ಷಗಳ ನಂತರ ಲಂಡನ್ನಿನ ಕೋರ್ಟಿನಲ್ಲಿ ಬೇರೆ ರೂಪದಲ್ಲಿ ಎದ್ದುನಿಂತಿತು.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಖುನ್ಸಾ ಎಂದರೆ ದೇಹದ ರಚನೆಯಲ್ಲೇ ಅಸ್ಪಷ್ಟತೆ ಇರುವವರು. ಇಂದು ಟ್ರಾನ್ಸ್‌ಜೆಂಡರ್ ಎಂದು ಕರೆಯುವವರಲ್ಲಿ ಹೆಚ್ಚಿನವರ ದೇಹ ಸ್ಪಷ್ಟವಾಗಿಯೇ ಇರುತ್ತದೆ. ಆ ದೇಹ ತನ್ನದೆಂದು ಮನಸ್ಸು ಒಪ್ಪುವುದಿಲ್ಲ. ಇವೆರಡನ್ನೂ ಬೆರೆಸಿ ಮಾತಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಗಂಡಾಗಿ ಹುಟ್ಟಿ ಹೆಣ್ಣಿನ ನಡೆನುಡಿ ಇರುವವರ ಬಗ್ಗೆಯೂ ನವವಿ(ರ)ಯವರು ಬರೆದಿದ್ದಾರೆ. ಬೇಕೆಂದೇ ಹಾಗೆ ಮಾಡುವವನು ಬೇರೆ, ಹುಟ್ಟಿನಿಂದಲೇ ಹಾಗಿರುವವನು ಬೇರೆ. ಎರಡನೆಯವನ ಮೇಲೆ ಆಕ್ಷೇಪವಿಲ್ಲ, ಪಾಪವಿಲ್ಲ ಎಂಬುದು ಅವರ ವಿವರಣೆ.

ಮಕ್ಕಳ ಹೆಸರಿನಲ್ಲಿ ಬಂದ ಕಾಯ್ದೆ

ನಮ್ಮ ನಾಡಿನಲ್ಲಿ ಈ ವಿಷಯಕ್ಕೆ ಸರ್ಕಾರ ಕೈಹಾಕಿದ್ದು ಬ್ರಿಟಿಷರ ಕಾಲದಲ್ಲಿ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗ ಹಿಜಡಾ ಸಮುದಾಯದ ಮೇಲಿತ್ತು. ಮಕ್ಕಳನ್ನು ಅಪಹರಿಸಿ ವೃಷಣ ಛೇದನ ಮಾಡುತ್ತಾರೆಂಬ ಸಂಶಯವೇ ಅದಕ್ಕೆ ಕೊಟ್ಟ ಕಾರಣ. ಪೊಲೀಸರು ಅವರ ಹೆಸರು, ಮನೆ, ಆಸ್ತಿಗಳ ಪಟ್ಟಿ ಮಾಡತೊಡಗಿದರು. ಪಟ್ಟಿಯಲ್ಲಿದ್ದವರು ಹದಿನಾರು ತುಂಬದ ಹುಡುಗನನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ದತ್ತು ಪಡೆಯುವಂತಿಲ್ಲ, ಉಯಿಲು ಬರೆಯುವಂತಿಲ್ಲ. ಸೀರೆಯುಟ್ಟು ಬೀದಿಯಲ್ಲಿ ಹಾಡಿದರೂ ಬಂಧಿಸಬಹುದಿತ್ತು.

ಹೈದರಾಬಾದಿನ ನಿಝಾಮ್ ಸರ್ಕಾರವೂ ಫಸಲಿ 1329ರಲ್ಲಿ, ಅಂದರೆ 1919ರ ಸುಮಾರಿಗೆ, ಇದೇ ಅಚ್ಚಿನ ಕಾಯ್ದೆಯನ್ನು ತಂದಿತು. ಇಂದಿನ ಬೀದರ್, ಕಲಬುರಗಿ, ರಾಯಚೂರು ಆಗ ಆ ರಾಜ್ಯದೊಳಗಿದ್ದವು. ಅಲ್ಲೂ ನೋಂದಣಿ ಪುಸ್ತಕ, ಅಲ್ಲೂ ಹದಿನಾರರೊಳಗಿನ ಹುಡುಗರ ಮಾತು. ವೃಷಣ ಛೇದನ ಶಿಕ್ಷಾರ್ಹ. ಮಗುವಿನ ದೇಹಕ್ಕೆ ಕತ್ತಿ ಹಾಕುವುದನ್ನು ತಡೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಕಾಯ್ದೆ ಒಂದು ಇಡೀ ಸಮುದಾಯವನ್ನು ಹುಟ್ಟುಗಳ್ಳರಂತೆ ಕಂಡಿತು. ಆ ಕಾಯ್ದೆ ತೆಲಂಗಾಣ ಭಾಗದಲ್ಲಿ ಸ್ವಾತಂತ್ರ್ಯಾನಂತರವೂ ಪುಸ್ತಕದಲ್ಲಿ ಉಳಿದಿತ್ತು. 2023ರ ಜುಲೈಯಲ್ಲಿ ತೆಲಂಗಾಣ ಹೈಕೋರ್ಟು ಅದು ಸಂವಿಧಾನಕ್ಕೆ ವಿರುದ್ಧವೆಂದು ರದ್ದುಪಡಿಸಿತು. ಕಾಯ್ದೆ ಮಾಡಿದವನು ಮುಸ್ಲಿಮ್ ದೊರೆಯೆಂಬ ಕಾರಣಕ್ಕೆ ನಾವು ಅದನ್ನು ಸಮರ್ಥಿಸಬೇಕಾಗಿಲ್ಲ.

ಕೈರೋ ಮತ್ತು ಮಕ್ಕಾ

ಶಸ್ತ್ರಚಿಕಿತ್ಸೆ ಮುಂದುವರಿದ ಮೇಲೆ ಪ್ರಶ್ನೆ ಮುಸ್ಲಿಮ್ ಜಗತ್ತಿಗೆ ನೇರವಾಗಿಯೇ ಬಂತು. 1988ರಲ್ಲಿ ಅಲ್ ಅಝ್‌ಹರ್‌ನ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಗಂಡಿನಿಂದ ಹೆಣ್ಣಾಗುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ವಿಶ್ವವಿದ್ಯಾಲಯ ಅವರಿಗೆ ಬಾಗಿಲು ಮುಚ್ಚಿತು, ವೈದ್ಯರ ಸಂಘ ಶಸ್ತ್ರಚಿಕಿತ್ಸಕರ ಮೇಲೆ ಮುಗಿಬಿತ್ತು. ವಿಷಯ ಆಗಿನ ಈಜಿಪ್ಟ್ ಮುಫ್ತಿ ಸಯ್ಯಿದ್ ತಂತಾವಿಯವರ ಮುಂದೆ ಹೋಯಿತು. ದೇಹದೊಳಗೆ ಹುದುಗಿರುವ ಗಂಡುತನ ಅಥವಾ ಹೆಣ್ತನವನ್ನು ಹೊರತರಲು ನಂಬಿಕಸ್ಥ ವೈದ್ಯರು ಸೂಚಿಸಿದರೆ ಅದು ಚಿಕಿತ್ಸೆ. ಬರೀ ಬದಲಾಗಬೇಕೆಂಬ ಆಸೆಗೆ ಅನುಮತಿಯಿಲ್ಲ ಎಂಬುದು ಅವರ ಫತ್ವಾದ ಸಾರ. ಪರವಾಗಿದ್ದವರೂ ವಿರೋಧಿಸಿದವರೂ ತಾವೇ ಗೆದ್ದೆವೆಂದುಕೊಂಡರು.

ಮರುವರ್ಷ 1989ರ ಫೆಬ್ರವರಿಯಲ್ಲಿ ಮಕ್ಕಾದಲ್ಲಿ ಸೇರಿದ ರಾಬಿತಾದ ಫಿಕ್ಹ್ ಸಮಿತಿ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು. ಅಂಗಗಳು ಪೂರ್ಣವಾಗಿರುವ ಗಂಡು ಹೆಣ್ಣುಗಳ ಲಿಂಗ ಬದಲಾವಣೆ ಸಮ್ಮತವಲ್ಲ, ಖುನ್ಸಾ ಸ್ಥಿತಿಯಲ್ಲಿರುವವರಿಗೆ ಶಸ್ತ್ರಚಿಕಿತ್ಸೆಯಿಂದಾಗಲೀ ಹಾರ್ಮೋನಿನಿಂದಾಗಲೀ ಚಿಕಿತ್ಸೆ ಸಮ್ಮತ. ಸುನ್ನೀ ವಿದ್ವಾಂಸರಲ್ಲಿ ಬಹುಪಾಲು ಜನ ಇಂದಿಗೂ ಇದೇ ನಿಲುವಿನವರು. ಇರಾನಿನಲ್ಲಿ ಆಯತುಲ್ಲಾ ಖುಮೈನಿ 1980ರ ದಶಕದಲ್ಲಿ ಬೇರೆ ದಾರಿ ಹಿಡಿದು ಅನುಮತಿಯ ಫತ್ವಾ ಕೊಟ್ಟರು.

ಲಂಡನ್ನಿನ ಕ್ಲಿನಿಕ್ಕು

ಈಗ ಬ್ರಿಟನ್‌ಗೆ ಬರೋಣ. 1989ರಲ್ಲಿ ಲಂಡನ್ನಿನಲ್ಲಿ ಇಂಥ ಮಕ್ಕಳಿಗಾಗಿ ಒಂದು ಕ್ಲಿನಿಕ್ಕು ಶುರುವಾಯಿತು. ಮುಂದೆ ಅದು ಟಾವಿಸ್ಟಾಕ್ ಎಂಬ ಸಂಸ್ಥೆಯ ಭಾಗವಾಯಿತು. ಮೊದಮೊದಲು ಅಲ್ಲಿ ನಡೆಯುತ್ತಿದ್ದುದು ಹೆಚ್ಚಾಗಿ ಮಾತುಕತೆ ಮತ್ತು ಸಮಾಲೋಚನೆ. ಅತ್ತ ನೆದರ್‌ಲ್ಯಾಂಡ್ಸ್‌ನ ವೈದ್ಯರು 1990ರ ದಶಕದಲ್ಲಿ ಹೊಸ ಕ್ರಮವೊಂದನ್ನು ರೂಪಿಸಿದರು. ಆರೇಳು ವರ್ಷಕ್ಕೇ ಮೈನೆರೆಯುವಂಥ ಮಕ್ಕಳಿಗೆ ಅದನ್ನು ತಡೆಯುವ ಔಷಧವೊಂದು ಆಗಲೇ ಬಳಕೆಯಲ್ಲಿತ್ತು. ದೀರ್ಘ ಪರಿಶೀಲನೆಯ ನಂತರ ಹನ್ನೆರಡರ ಆಸುಪಾಸಿನ ಟ್ರಾನ್ಸ್‌ಜೆಂಡರ್ ಮಕ್ಕಳಿಗೂ ಅದೇ ಔಷಧ, ಹದಿನಾರಕ್ಕೆ ಹಾರ್ಮೋನು, ಹದಿನೆಂಟು ತುಂಬಿದ ಮೇಲೆ ಶಸ್ತ್ರಚಿಕಿತ್ಸೆ ಎಂಬುದು ಅವರ ಕ್ರಮ. ಯೋಚಿಸಲು ಮಗುವಿಗೆ ಸಮಯ ಸಿಗಲಿ ಎಂಬುದು ಉದ್ದೇಶವಾಗಿತ್ತು. ಬ್ರಿಟನ್ 2011ರಿಂದ ಹದಿನಾರರೊಳಗಿನವರಿಗೂ ಈ ಔಷಧ ಕೊಡತೊಡಗಿತು.

ಅಷ್ಟರಲ್ಲಿ ಬರುವವರ ಸಂಖ್ಯೆ ಏರಿತು. 2009ರ ಸುಮಾರಿಗೆ ವರ್ಷಕ್ಕೆ ನೂರಕ್ಕಿಂತ ಕಡಿಮೆ ಇದ್ದ ಮಕ್ಕಳು 2021-22ರಲ್ಲಿ ಐದು ಸಾವಿರ ಮೀರಿದರು. ಮೊದಲ ಭೇಟಿಗೇ ಎರಡು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಹದಿಹರೆಯದಲ್ಲಿ ಚಿಕಿತ್ಸೆ ಪಡೆದು ನಂತರ ಪಶ್ಚಾತ್ತಾಪಪಟ್ಟ ಯುವತಿಯೊಬ್ಬಳು ಕೋರ್ಟಿಗೆ ಹೋದಳು. ಹದಿನಾರರೊಳಗಿನ ಮಗು ಇಂಥ ಚಿಕಿತ್ಸೆಯ ಪರಿಣಾಮವನ್ನು ಅರಿತು ಒಪ್ಪಿಗೆ ಕೊಡುವುದು ಕಷ್ಟವೆಂದು 2020ರ ಡಿಸೆಂಬರಿನಲ್ಲಿ ಹೈಕೋರ್ಟು ಹೇಳಿತು. 2021ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿ, ಅದನ್ನು ನಿರ್ಧರಿಸಬೇಕಾದವರು ವೈದ್ಯರು, ನ್ಯಾಯಾಧೀಶರಲ್ಲ ಎಂದಿತು.

ಸರ್ಕಾರಿ ಆರೋಗ್ಯ ವ್ಯವಸ್ಥೆ ಹಿಲರಿ ಕ್ಯಾಸ್ ಎಂಬ ಹಿರಿಯ ಮಕ್ಕಳ ತಜ್ಞೆಗೆ ಪರಿಶೀಲನೆಯ ಹೊಣೆ ವಹಿಸಿತ್ತು. 2024ರ ಏಪ್ರಿಲ್‌ನಲ್ಲಿ ಅಂತಿಮ ವರದಿ ಬಂತು. ಈ ಔಷಧದಿಂದ ಮಗುವಿನ ಮನಸ್ಸಿಗೆ ಲಾಭವಾಗುತ್ತದೆ ಎನ್ನಲು ಇರುವ ಪುರಾವೆ ದುರ್ಬಲ, ಎಲುಬಿನ ಬೆಳವಣಿಗೆಯ ಬಗ್ಗೆ ಆತಂಕವಿದೆ ಎಂದು ಅದು ಹೇಳಿತು. ಮಕ್ಕಳ ಬಗ್ಗೆ ದೊಡ್ಡವರು ನಡೆಸುವ ವಿಷಮಯ ಜಗಳದ ನಡುವೆ ಸಿಕ್ಕಿಬಿದ್ದವರು ಆ ಮಕ್ಕಳೇ ಎಂದೂ ಆ ತಜ್ಞೆ ಎಚ್ಚರಿಸಿದರು. ಕ್ಲಿನಿಕ್ಕು ಮಾರ್ಚಿನಲ್ಲೇ ಮುಚ್ಚಿತ್ತು. ಮೇ ತಿಂಗಳಲ್ಲಿ ತಾತ್ಕಾಲಿಕ ನಿಷೇಧ ಬಂತು. ಸರ್ಕಾರ ಬದಲಾದರೂ ನಿಲುವು ಬದಲಾಗದೆ, ಡಿಸೆಂಬರ್ 11ರಂದು ಅದು ಅನಿರ್ದಿಷ್ಟ ಅವಧಿಗೆ ಮುಂದುವರಿಯಿತು. 2027ರಲ್ಲಿ ಮರುಪರಿಶೀಲನೆ ಎಂದಿದ್ದಾರೆ. ಆಗಲೇ ಔಷಧ ಪಡೆಯುತ್ತಿದ್ದವರಿಗೆ ಮುಂದುವರಿಸಲು ಅವಕಾಶ ಉಳಿಯಿತು. ಬೇಗ ಮೈನೆರೆಯುವ ಚಿಕ್ಕ ಮಕ್ಕಳಿಗೆ ಅದೇ ಔಷಧ ಇಂದಿಗೂ ಸಿಗುತ್ತದೆ.

ಅಮೆರಿಕದ ಶಾಸನಸಭೆಗಳು

ಬ್ರಿಟನ್ನಿನಲ್ಲಿ ವೈದ್ಯಕೀಯ ಪರಿಶೀಲನೆ ಮೊದಲು, ನಿಷೇಧ ನಂತರ. ಅಮೆರಿಕದಲ್ಲಿ ಶಾಸನಸಭೆಗಳೇ ಮುಂದಾದವು. 2021ರ ಏಪ್ರಿಲ್‌ನಲ್ಲಿ ಅರ್ಕಾನ್ಸಾ ರಾಜ್ಯ ಇಂಥ ಮೊದಲ ಕಾಯ್ದೆ ಮಾಡಿತು. ಅಲ್ಲಿನ ಗವರ್ನರ್ ಅದೇ ಪಕ್ಷದವರಾದರೂ ಸಹಿ ಹಾಕಲಿಲ್ಲ. ವೈದ್ಯರು ಮತ್ತು ಹೆತ್ತವರ ನಡುವೆ ಸರ್ಕಾರ ನುಗ್ಗುವುದು ಅತಿಯಾಯಿತು ಎಂಬುದು ಅವರ ಮಾತು. ಶಾಸಕರು ಅವರನ್ನು ಮೀರಿ ಕಾಯ್ದೆ ಮಾಡಿದರು. ಕೆಲವೇ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ದಾರಿ ಹಿಡಿದವು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಈ ನಿಷೇಧಗಳನ್ನು ವಿರೋಧಿಸಿದೆ.

2023ರ ಟೆನೆಸಿ ಕಾಯ್ದೆಯ ವಿರುದ್ಧ ಕೆಲವು ಕುಟುಂಬಗಳು ಮತ್ತು ಒಬ್ಬ ವೈದ್ಯೆ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಜೂನ್ 18ರಂದು ಆರು ನ್ಯಾಯಮೂರ್ತಿಗಳು ಕಾಯ್ದೆಯ ಪರ, ಮೂವರು ವಿರುದ್ಧ ತೀರ್ಪಿತ್ತರು. ವೈದ್ಯಕೀಯವಾಗಿ ಇನ್ನೂ ವಿವಾದವಿರುವ ವಿಷಯವನ್ನು ಜನಪ್ರತಿನಿಧಿಗಳಿಗೆ ಬಿಡಬೇಕೆಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು. ಇದರಿಂದ ಆ ಮಕ್ಕಳನ್ನೂ ಅವರ ಹೆತ್ತವರನ್ನೂ ರಾಜಕೀಯದ ಗಾಳಿಗೆ ಬಿಟ್ಟಂತಾಯಿತೆಂದು ನ್ಯಾಯಮೂರ್ತಿ ಸೋಟೊಮೇಯರ್ ಭಿನ್ನಮತ ದಾಖಲಿಸಿದರು. ಮಗುವಿನ ಚಿಕಿತ್ಸೆಯಲ್ಲಿ ಹೆತ್ತವರ ಹಕ್ಕೆಷ್ಟು ಎಂಬ ಪ್ರಶ್ನೆಯನ್ನು ಕೋರ್ಟು ಈ ಪ್ರಕರಣದಲ್ಲಿ ಕೈಗೆತ್ತಿಕೊಳ್ಳಲೇ ಇಲ್ಲ.

ಈ ಅಮೆರಿಕನ್ ಕಾಯ್ದೆಗಳಲ್ಲಿ ಒಂದು ವಿನಾಯಿತಿ ಇದೆ. ಹುಟ್ಟಿನಿಂದಲೇ ಲಿಂಗ ಅಸ್ಪಷ್ಟವಾಗಿರುವ ಮಕ್ಕಳಿಗೆ, ನಮ್ಮ ಮಾತಿನಲ್ಲಿ ಖುನ್ಸಾ ಮಕ್ಕಳಿಗೆ, ಚಿಕಿತ್ಸೆಗೆ ಅಡ್ಡಿಯಿಲ್ಲ. ಆದರೆ ಆ ಮಕ್ಕಳ ವಿಷಯದಲ್ಲೂ ಅವಸರ ಬೇಡವೆಂದದ್ದು ನಮ್ಮ ನೆರೆಯ ತಮಿಳುನಾಡು. 2019ರ ಏಪ್ರಿಲ್ 22ರಂದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠ, ಎಳೆಗೂಸುಗಳನ್ನು ಗಂಡೋ ಹೆಣ್ಣೋ ಮಾಡಿಬಿಡುವ ಶಸ್ತ್ರಚಿಕಿತ್ಸೆಗಳನ್ನು ತಡೆಯುವಂತೆ ಸರ್ಕಾರಕ್ಕೆ ಹೇಳಿತು. ಆಗಸ್ಟ್‌ನಲ್ಲಿ ಸರ್ಕಾರಿ ಆದೇಶ ಹೊರಟಿತು. ಪ್ರಾಣಾಪಾಯವಿದ್ದರೆ ಮಾತ್ರ ವಿನಾಯಿತಿ. ಮಗು ಬೆಳೆಯಲಿ, ನೋಡೋಣ ಎಂಬ ಇಮಾಮರುಗಳ ಹಳೆಯ ಮಾತಿಗೆ ಇದು ಬಹಳ ಹತ್ತಿರವಿದೆ.

ನಮ್ಮ ಮನೆಗಳಿಗೆ

ಆಮಿರ್ ಬಿನ್ ಝರಿಬ್‌ನಿಂದ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಬಂದ ಈ ದಾರಿಯಲ್ಲಿ ನಮಗೆ ಕಾಣುವುದೇನು? ಔಷಧಕ್ಕೆ ಅನುಮತಿ ಕೊಡುವುದು, ತಡೆಯುವುದು ಸರ್ಕಾರದ ಕೈಯಲ್ಲಿದೆ. ಪುರಾವೆ ದುರ್ಬಲವಾಗಿದ್ದಾಗ ತಡೆಯುವುದರಲ್ಲಿ ನ್ಯಾಯವೂ ಇರಬಹುದು. ಆದರೆ ಔಷಧ ನಿಲ್ಲಿಸಿದ ಮಾತ್ರಕ್ಕೆ ಮಗುವಿನ ಸಂಕಟ ನಿಲ್ಲುವುದಿಲ್ಲ. ನಿಷೇಧದ ಸುದ್ದಿ ಓದಿ ಸಮಾಧಾನಪಟ್ಟ ನಾವು, ಅಂದು ರಾತ್ರಿ ಆ ಮಕ್ಕಳು ಯಾರ ಮುಂದೆ ಅತ್ತರೆಂದು ಕೇಳಿಕೊಂಡೆವೇ? ನಮ್ಮ ಇಮಾಮರುಗಳು ಕಾಯಿರಿ ಎಂದರು, ಜೊತೆಗೆ ಕಾಯುವಷ್ಟು ಕಾಲ ಆ ವ್ಯಕ್ತಿಗೆ ಸಾಲಿನಲ್ಲಿ ಜಾಗವನ್ನೂ ಆಸ್ತಿಯಲ್ಲಿ ಪಾಲನ್ನೂ ಕೊಟ್ಟರು. ನಾವು ಅವರ ಮೊದಲ ಮಾತನ್ನು ಮಾತ್ರ ಹಿಡಿದುಕೊಂಡರೆ ಅರ್ಧ ಫಿಕ್ಹ್ ಓದಿದಂತಾಗುತ್ತದೆ.

ಭಾರತದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 12ನೇ ಕಲಮು, ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಯಾವ ಮಗುವನ್ನೂ ಹೆತ್ತವರಿಂದ ಬೇರ್ಪಡಿಸಬಾರದು, ಮಗುವಿನ ಹಿತಕ್ಕಾಗಿ ಕೋರ್ಟು ಹೇಳಿದರೆ ಮಾತ್ರ ಆಗಬಹುದು ಎನ್ನುತ್ತದೆ. ಕಾಯ್ದೆ ಬರೆಯಬೇಕಾಗಿ ಬಂದದ್ದೇ ನಮಗೆ ನಾಚಿಕೆಯ ವಿಷಯ. ನಮ್ಮ ಪೇಟೆಗಳ ಸಿಗ್ನಲ್‌ಗಳಲ್ಲಿ ಕೈಚಾಚಿ ನಿಂತವರಲ್ಲಿ ಎಷ್ಟೋ ಜನ ಒಂದು ದಿನ ಮನೆಯಿಂದ ಹೊರದೂಡಲ್ಪಟ್ಟ ಮಕ್ಕಳೇ.

ಆದ್ದರಿಂದ ಧ್ವನಿ ತಗ್ಗಿಸಿ ಕೇಳುವ ತಂದೆ ತಾಯಂದಿರಿಗೆ ನಾವು ಹೇಳುವುದಿಷ್ಟು. ಹೊಡೆಯಬೇಡಿ. ಮಾಟ ಮಂತ್ರದವರ ಮನೆಗೆ ಅಲೆಯಬೇಡಿ. ಮದುವೆ ಮಾಡಿದರೆ ಸರಿಹೋಗುತ್ತದೆಂದು ಇನ್ನೊಂದು ಮನೆಯ ಮಗಳನ್ನೋ ಮಗನನ್ನೋ ಈ ಸಂಕಟಕ್ಕೆ ತಳ್ಳಬೇಡಿ. ಇಂಟರ್‌ನೆಟ್ ನೋಡಿ ಯಾವ ಔಷಧವನ್ನೂ ತರಿಸಬೇಡಿ. ದೇಹದ ವಿಷಯವೋ ಮನಸ್ಸಿನ ವಿಷಯವೋ ಎಂಬುದನ್ನು ಬಲ್ಲ ವೈದ್ಯರ ಬಳಿಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ಧಾರ್ಮಿಕ ವಿಧಿಯ ಪ್ರಶ್ನೆ ಬಂದಾಗ ವೈದ್ಯರ ಚೀಟಿಯೊಂದಿಗೆ ವಿದ್ವಾಂಸರ ಬಳಿಗೆ ಬನ್ನಿ. ಅಲ್ಲಿಯವರೆಗೆ ಮಗು ನಿಮ್ಮ ತಟ್ಟೆಯ ಪಕ್ಕದಲ್ಲೇ ಕೂತು ಊಟ ಮಾಡಲಿ. ಜಮಾಅತಿನ ಉಳಿದವರಿಗೆ ಹೇಳುವುದು ಇನ್ನೂ ಚಿಕ್ಕದು: ಆ ಮನೆಯ ಬಗ್ಗೆ ಮಾತಾಡುವಾಗ ನಾಲಗೆಯನ್ನು ಹಿಡಿದುಕೊಳ್ಳಿ.

ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಅದನ್ನು ಕಾಪಾಡುವ ತಾಳ್ಮೆಯನ್ನೂ ತಿಳಿವಳಿಕೆಯನ್ನೂ ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.