ಒಂದೇ ಜಾತಿ, ಒಂದೇ ತೀರ: ಡಾಲ್ಫಿನ್‌ಗಳ ಸಾಮೂಹಿಕ ಸಾವಿನ ಕಾರಣ ವಿಚಾರ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಗೆ ಕಡಲು ದೂರ. ಅದರ ನೆರೆಯ ಕಾವೇರಿಯಲ್ಲಿ ಡಾಲ್ಫಿನ್ ಇಲ್ಲ; ಸಂಗಮ, ಮುತ್ತತ್ತಿ, ಮೇಕೆದಾಟಿನ ಮಡುಗಳಲ್ಲಿ ಇರುವುದು ನೀರುನಾಯಿ ಮತ್ತು ಮೊಸಳೆ. ನಮ್ಮ ದೇಶದ ನದಿ ಡಾಲ್ಫಿನ್‌ಗಳೆಲ್ಲ ಉತ್ತರದ ಗಂಗಾ, ಬ್ರಹ್ಮಪುತ್ರ, ಬಿಯಾಸ್ ನೀರಿನವು. ಹೀಗಿದ್ದೂ ಡಾಲ್ಫಿನ್‌ಗಳು ಹಿಂಡುಹಿಂಡಾಗಿ ದಡಕ್ಕೆ ಬಂದು ಸಾಯುವ ವಿಷಯವನ್ನು ಈ ಒಳನಾಡಿನಿಂದಲೇ ಆರಂಭಿಸುವುದಕ್ಕೆ ಕಾರಣವಿದೆ. ಜಲಚರಗಳ ಸಾಮೂಹಿಕ ಸಾವು ಇಲ್ಲಿಯವರಿಗೆ ಹೊಸ ಸಂಗತಿಯಲ್ಲ, ಮತ್ತು ಅದನ್ನು ನೋಡಿ ಅವರು ಕಾರಣವನ್ನು ಊಹಿಸುವ ಕ್ರಮ ಕಡಲತೀರದ ಒಗಟಿಗೂ ಒದಗಿಬರುತ್ತದೆ.

ವೃಷಭಾವತಿ ಬೆಂಗಳೂರಿನ ಕೊಳಚೆ ಹೊತ್ತು ಬೈರಮಂಗಲ ಕೆರೆಗೆ ಇಳಿಯುತ್ತದೆ, ಅಲ್ಲಿಂದ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಬೇಸಿಗೆಯ ಕೊನೆಗೆ ತಳ ಕಂಡ ನೀರಿಗೆ ಮೊದಲ ಮಳೆ ಕೊಳಚೆಯನ್ನು ಒಮ್ಮೆಲೇ ತಳ್ಳಿದರೆ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿಯುತ್ತದೆ. ನಸುಕಿನಲ್ಲಿ ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತದೆ, ಬಿಸಿಲೇರುವ ಹೊತ್ತಿಗೆ ಬಿಳಿ ಹೊಟ್ಟೆ ಮೇಲಾಗಿ ತೇಲುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹೀಗೆ ತೇಲಿದವು. ಇಂಥ ಸಾವು ಜಾತಿ ನೋಡುವುದಿಲ್ಲ: ಕಾಟ್ಲಾ, ರೋಹು, ಜಿಲೇಬಿ ಎಲ್ಲವೂ ಒಟ್ಟಿಗೆ ಹೋಗುತ್ತವೆ, ಉಳಿದರೆ ಗಾಳಿ ಹೀರಬಲ್ಲ ಕೊರವ ಮೀನಿನಂಥವು ಉಳಿದಾವು. ಸಿಡಿಮದ್ದು ಹಾಕಿ ಮೀನು ಹಿಡಿದ ಮಡುವಿನಲ್ಲೂ ಎಲ್ಲ ಜಾತಿಯೂ ಸಾಯುತ್ತದೆ. ಆದರೆ ಅಲ್ಲಿ ಏದುಸಿರಿಲ್ಲ, ಮೀನು ಸೀಳಿದರೆ ಒಳಗಿನ ಗಾಳಿಚೀಲ ಒಡೆದಿರುತ್ತದೆ. ಯಾವ ಯಾವ ಜಾತಿ, ಎಷ್ಟು ಹೊತ್ತಿನಲ್ಲಿ, ಎಷ್ಟು ದೂರದವರೆಗೆ, ದೇಹದ ಒಳಗೆ ಏನಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಕಾರಣದ ಬಹುಪಾಲು ಸಿಕ್ಕ ಹಾಗೆ. ಡಾಲ್ಫಿನ್‌ಗಳ ವಿಷಯದಲ್ಲಿ ನೌಕೆಗಳ ಸೋನಾರ್ ಸದ್ದು, ಸೌರಮಾರುತ, ರೋಗ, ಭೂಕಂಪ ಎಂದು ಕಾರಣಗಳ ಪಟ್ಟಿ ಬೆಳೆಯುತ್ತ ಹೋಗಿರುವುದಕ್ಕೆ, ಈ ಪ್ರಶ್ನೆಗಳನ್ನು ಕೇಳುವ ಮೊದಲೇ ಎಲ್ಲ ಘಟನೆಗಳನ್ನೂ ಒಂದೇ ಹೆಸರಿನಡಿ ಸೇರಿಸಿಬಿಡುವ ರೂಢಿ ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ಭಾರತದ ಎರಡು ದೊಡ್ಡ ಪ್ರಕರಣಗಳನ್ನು ನೋಡೋಣ. 1973ರ ಜನವರಿಯಲ್ಲಿ ತೂತ್ತುಕುಡಿ ಕಡೆಯ ಮನ್ನಾರ್ ಕೊಲ್ಲಿಯ ತೀರದಲ್ಲಿ 147 ಪೈಲಟ್ ತಿಮಿಂಗಿಲಗಳು ದಡ ಸೇರಿದವು. ನಲವತ್ಮೂರು ವರ್ಷಗಳ ನಂತರ, 2016ರ ಜನವರಿಯಲ್ಲಿ, ತಿರುಚ್ಚೆಂದೂರಿನಿಂದ ಮಣಪಾಡಿನವರೆಗಿನ ತೀರಕ್ಕೆ ಮತ್ತೆ 80ಕ್ಕೂ ಹೆಚ್ಚು ಬಂದವು. ಕನಿಷ್ಠ 45 ಸತ್ತವು. ಹೆಸರಿನಲ್ಲಿ ತಿಮಿಂಗಿಲ ಎಂದಿದ್ದರೂ ಪೈಲಟ್ ತಿಮಿಂಗಿಲ ಡಾಲ್ಫಿನ್ ಕುಟುಂಬದ್ದೇ. ಬೆಳೆದ ಗಂಡು ಆರೇಳು ಮೀಟರ್ ಉದ್ದವಿರುತ್ತದೆ. ಆಳಸಮುದ್ರದಲ್ಲಿ ನೂರಾರು ಮೀಟರ್ ಕೆಳಗಿಳಿದು ಸ್ಕ್ವಿಡ್ ಹಿಡಿಯುವ ಪ್ರಾಣಿ ಅದು. ಎರಡು ಸಲವೂ ಬಂದದ್ದು ಅದೊಂದೇ ಜಾತಿ, ಬಂದಾಗ ಜೀವ ಇತ್ತು. 2016ರಲ್ಲಿ ಮೀನುಗಾರರು ನೀರಿಗಿಳಿದು ತಳ್ಳಿದ ಪ್ರಾಣಿಗಳಲ್ಲಿ ಹಲವು ತಿರುಗಿ ದಡಕ್ಕೇ ಬಂದವು.

ಮನ್ನಾರ್ ಕೊಲ್ಲಿಯಲ್ಲಿ ಬೇರೆ ಡಾಲ್ಫಿನ್ ಜಾತಿಗಳಿವೆ, ಕಡಲಹಸು ಇದೆ. ನೀರು ಕೆಟ್ಟಿದ್ದರೆ, ಸ್ಫೋಟವೇನಾದರೂ ಆಗಿದ್ದರೆ ಅವೂ ದಡದಲ್ಲಿರಬೇಕಿತ್ತು. ಅರ್ಕಾವತಿಯ ಮೀನಿನ ಲೆಕ್ಕವನ್ನು ಇಲ್ಲಿ ಹಚ್ಚಿದರೆ ಉತ್ತರ ತಿರುಗುಮುರುಗಾಗುತ್ತದೆ: ಕಾರಣವನ್ನು ನೀರಿನಲ್ಲಿ ಹುಡುಕುವ ಮೊದಲು ಆ ಹಿಂಡಿನ ಬದುಕಿನ ರೀತಿಯಲ್ಲಿ ಹುಡುಕಬೇಕು. ಪೈಲಟ್ ತಿಮಿಂಗಿಲಗಳದ್ದು ತಾಯಿಯ ಕಡೆಯ ಬಂಧುತ್ವದ ಗುಂಪು; ಹೆರುವ ವಯಸ್ಸು ಮುಗಿದ ಮುದಿ ಹೆಣ್ಣುಗಳೂ ಅದರೊಳಗೆ ಬಹಳ ವರ್ಷ ಬಾಳುತ್ತವೆ. ಒಂದು ತೊಂದರೆಗೆ ಸಿಕ್ಕಿದರೆ ಉಳಿದವು ಬಿಟ್ಟುಹೋಗುವುದಿಲ್ಲ. ದಡದಲ್ಲಿರುವ ಒಂದರ ಕೂಗಿಗೆ ನೀರಿನಲ್ಲಿರುವವು ಮರಳುತ್ತವೆ ಎಂಬುದು ತಳ್ಳಿದವರೆಲ್ಲರ ಅನುಭವ. ಇದನ್ನು ಬರೀ ರಕ್ತಸಂಬಂಧದ ಮೋಹ ಎನ್ನಲೂ ಆಗದು. ನ್ಯೂಜಿಲೆಂಡ್ ಮತ್ತು ಟಾಸ್ಮೇನಿಯಾಗಳಲ್ಲಿ ದಡ ಸೇರಿದ ಹಿಂಡುಗಳ ವಂಶವಾಹಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ, ಒಂದೇ ಹಿಂಡಿನೊಳಗೆ ಹಲವು ತಾಯಿವಂಶಗಳಿದ್ದುದನ್ನೂ, ತಾಯಿ ಮತ್ತು ಮರಿ ದಡದಲ್ಲಿ ಬೇರೆಬೇರೆ ಕಡೆ ಬಿದ್ದಿದ್ದುದನ್ನೂ ತೋರಿಸಿತು. ಬೇಟೆಗಾಗಿಯೋ ಕೂಡುವುದಕ್ಕಾಗಿಯೋ ಹಲವು ಕುಟುಂಬಗಳು ಸೇರಿದ ಹೊತ್ತಿನ ಗೊಂದಲವೇ ಅಪಾಯದ ಹೊತ್ತಾಗಿರಬಹುದು.

ಅವು ಆಳ ಬಿಟ್ಟು ದಡದ ಹತ್ತಿರಕ್ಕೆ ಏಕೆ ಬಂದವು ಎಂಬುದು ಬೇರೆ ಪ್ರಶ್ನೆ. ಬಂದ ಮೇಲೆ ಹೊರಗೆ ಹೋಗಲಾರದೆ ಏಕೆ ಸಿಕ್ಕಿಬಿದ್ದವು ಎಂಬುದು ಮತ್ತೊಂದು. ಎರಡನ್ನೂ ಕಲಸಿದ್ದರಿಂದ ಆದ ಗೊಂದಲ ಕಡಿಮೆಯದಲ್ಲ.

ಎರಡನೆಯದಕ್ಕೆ ಭೂಗೋಳ ಚೆನ್ನಾಗಿ ಉತ್ತರಿಸುತ್ತದೆ. ಜಗತ್ತಿನಲ್ಲಿ ಹಿಂಡುಗಳು ಪದೇಪದೇ ಸಿಕ್ಕಿಬೀಳುವ ಜಾಗಗಳ ನಕ್ಷೆ ತೆಗೆದು ನೋಡಿ: ನ್ಯೂಜಿಲೆಂಡಿನ ಫೇರ್‌ವೆಲ್ ಸ್ಪಿಟ್, ಅಮೆರಿಕದ ಕೇಪ್ ಕಾಡ್, ಟಾಸ್ಮೇನಿಯಾದ ಮ್ಯಾಕ್ವಾರಿ ಹಾರ್ಬರ್. ಮೊದಲೆರಡು ಕೊಕ್ಕೆಯಂತೆ ಬಾಗಿದ ಮರಳುದಿಣ್ಣೆಗಳು; ಮೂರನೆಯದು ಕಿರಿದಾದ ಬಾಯಿಯ, ಒಳಗೆ ಮರಳುದಿಬ್ಬಗಳಿರುವ ಕೊಲ್ಲಿ. ಮಣಪಾಡಿನಲ್ಲೂ ಕಡಲೊಳಕ್ಕೆ ಚಾಚಿದ ಭೂಶಿರವಿದೆ, ಪಕ್ಕದಲ್ಲಿ ಮರಳಿನ ತೀರವಿದೆ. ಡಾಲ್ಫಿನ್ ದಾರಿ ಕಾಣುವುದು ತಾನು ಹೊರಡಿಸಿದ ಸದ್ದಿನ ಪ್ರತಿಧ್ವನಿಯಿಂದ. ಬಂಡೆಯ ಗೋಡೆ ಆ ಸದ್ದನ್ನು ಮರಳಿಸುತ್ತದೆ. ಸ್ವಲ್ಪಸ್ವಲ್ಪವೇ ಏರುವ ಮರಳಿನ ತಳ ಮರಳಿಸುವುದಿಲ್ಲ, ಅಲೆ ಒಡೆದ ನೀರಿನ ಗುಳ್ಳೆಗಳು ಇದ್ದಬದ್ದ ಪ್ರತಿಧ್ವನಿಯನ್ನೂ ನುಂಗುತ್ತವೆ. ಎದುರಿಗೆ ಏನೂ ಇಲ್ಲವೆಂದುಕೊಂಡ ಪ್ರಾಣಿಗೆ ಹೊಟ್ಟೆ ಮರಳಿಗೆ ತಾಗಿದಾಗಲೇ ದಡದ ಅರಿವಾಗುತ್ತದೆ, ಅಷ್ಟರಲ್ಲಿ ಇಳಿತ ಆರಂಭವಾಗಿರುತ್ತದೆ. ಮ್ಯಾಕ್ವಾರಿ ಹಾರ್ಬರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಸುಮಾರು 470 ಪೈಲಟ್ ತಿಮಿಂಗಿಲಗಳು ಸಿಕ್ಕಿಬಿದ್ದವು. ಸರಿಯಾಗಿ ಎರಡು ವರ್ಷಕ್ಕೆ ಅದೇ ಸೀಮೆಯಲ್ಲಿ ಮತ್ತೆ ಸುಮಾರು 230. ಜಾಗಕ್ಕೂ ಋತುವಿಗೂ ಇರುವ ಈ ನಂಟನ್ನು ಮನ್ನಾರ್ ಕೊಲ್ಲಿಯ ಎರಡು ಜನವರಿಗಳ ಪಕ್ಕದಲ್ಲಿಟ್ಟು ನೋಡಬೇಕು. 2016ರ ಘಟನೆಗೆ ಹಡಗುಗಳ ಸದ್ದನ್ನಷ್ಟೇ ಹೊಣೆ ಮಾಡುವವರು 1973ನ್ನೂ ವಿವರಿಸಬೇಕಾಗುತ್ತದೆ.

ಮೊದಲನೆಯ ಪ್ರಶ್ನೆಗೆ ಬರುವ ಉತ್ತರಗಳಲ್ಲಿ, ಭೂಮಿಯ ಕಾಂತಕ್ಷೇತ್ರ ದಾರಿ ತಪ್ಪಿಸುತ್ತದೆಂಬ ವಾದಕ್ಕೆ ಜನಪ್ರಿಯತೆ ಹೆಚ್ಚು, ಆಧಾರ ಕಡಿಮೆ. ಬ್ರಿಟನ್ನಿನ ತೀರದಲ್ಲಿ ಕಾಂತಬಲ ತಗ್ಗಿದ ಗೆರೆಗಳು ದಡ ಮುಟ್ಟುವಲ್ಲಿ ಡಾಲ್ಫಿನ್‌ಗಳು ಹೆಚ್ಚಾಗಿ ಜೀವಂತ ಸಿಕ್ಕಿಬೀಳುತ್ತವೆ ಎಂದು 1980ರ ದಶಕದಲ್ಲಿ ಸಂಶೋಧಕಿ ಮಾರ್ಗರೆಟ್ ಕ್ಲಿನೋವ್ಸ್ಕಾ ತೋರಿಸಿದರು. ಇದೇ ಲೆಕ್ಕವನ್ನು 1994ರಲ್ಲಿ ನ್ಯೂಜಿಲೆಂಡಿನ ಹಿಂಡುಗಳಿಗೆ ಹಚ್ಚಿದಾಗ ಅಂಥ ಸಂಬಂಧ ಕಾಣಲಿಲ್ಲ. ಆ ಕಾಂತಕ್ಷೇತ್ರವನ್ನು ಕಲಕುತ್ತದೆಂಬ ಸೌರಮಾರುತದ ವಾದ ಮುಖ್ಯವಾಗಿ ಉತ್ತರ ಸಮುದ್ರದ ಸ್ಪರ್ಮ್ ತಿಮಿಂಗಿಲಗಳ ಕುರಿತಾದದ್ದು. ಅದನ್ನು ಉಷ್ಣವಲಯದ ತೀರಗಳಿಗೆ ಎಳೆದು ತರುವುದು ಅವಸರದ ಮಾತು.

ಸೋನಾರ್‌ನ ವಿಷಯ ಹಾಗಲ್ಲ. 2000ದ ಮಾರ್ಚ್‌ನಲ್ಲಿ ಬಹಾಮಾಸ್ ದ್ವೀಪಗಳಲ್ಲಿ 36 ಗಂಟೆಗಳೊಳಗೆ 17 ಪ್ರಾಣಿಗಳು ಸುಮಾರು 240 ಕಿ.ಮೀ. ಉದ್ದಕ್ಕೂ ಚದುರಿ ದಡ ಸೇರಿದವು. ಎರಡು ಬಗೆಯ ಕೊಕ್ಕಿನ ತಿಮಿಂಗಿಲಗಳು, ಮಿಂಕೆ ತಿಮಿಂಗಿಲ, ಒಂದು ಡಾಲ್ಫಿನ್ ಅದರಲ್ಲಿದ್ದವು. ಅಮೆರಿಕದ ನೌಕಾಪಡೆ ತನ್ನ ಸೋನಾರ್ ಅಭ್ಯಾಸವೇ ಕಾರಣವೆಂದು ಒಪ್ಪಿಕೊಂಡಿತು. ಜಾತಿ ಬೆರೆತಿದೆ, ಜಾಗ ಚದುರಿದೆ, ಹೊತ್ತು ಮಾತ್ರ ಒಂದೇ: ಇದು ಸಿಡಿಮದ್ದಿನ ಮಡುವಿನ ಲಕ್ಷಣ, ಮಣಪಾಡಿನದ್ದಲ್ಲ. 2002ರಲ್ಲಿ ಕ್ಯಾನರಿ ದ್ವೀಪಗಳಲ್ಲಿ ನೌಕಾಭ್ಯಾಸದ ವೇಳೆ ದಡ ಸೇರಿದ ಕೊಕ್ಕಿನ ತಿಮಿಂಗಿಲಗಳ ಅಂಗಾಂಶಗಳಲ್ಲಿ, ಮುಳುಗುಗಾರರಿಗೆ ತಟ್ಟನೆ ಮೇಲೆ ಬಂದಾಗ ಆಗುವಂಥ ಅನಿಲದ ಗುಳ್ಳೆಗಳು ಕಂಡವು. ಸ್ಪೇನ್ 2004ರಲ್ಲಿ ಆ ದ್ವೀಪಗಳ ಸುತ್ತ ಸೋನಾರ್ ಬಳಕೆಯನ್ನು ತಡೆಹಿಡಿಯಿತು. ಆಮೇಲಿನ ಸುಮಾರು ಒಂದು ದಶಕದಲ್ಲಿ ಅಲ್ಲಿ ಅಂಥ ಸಾಮೂಹಿಕ ಘಟನೆ ನಡೆಯಲಿಲ್ಲವೆಂದು ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಈ ಕ್ಷೇತ್ರದಲ್ಲಿ ಕಾರಣ–ಪರಿಣಾಮಕ್ಕೆ ಸಿಗುವ ಸಾಕ್ಷ್ಯಗಳಲ್ಲಿ ಇದಕ್ಕಿಂತ ಗಟ್ಟಿಯಾದವು ಕಡಿಮೆ.

ನನ್ನ ವಿಂಗಡಣೆಗೆ ತೊಡಕಾಗುವ ಪ್ರಕರಣವೂ ಉಂಟು. 2008ರಲ್ಲಿ ಮಡಗಾಸ್ಕರಿನ ವಾಯವ್ಯದ ಅಳಿವೆಯೊಂದಕ್ಕೆ ಸುಮಾರು ನೂರು ಮೆಲನ್‌ಹೆಡ್ ತಿಮಿಂಗಿಲಗಳು ನುಗ್ಗಿ ಸಿಕ್ಕಿಬಿದ್ದವು. ಒಂದೇ ಜಾತಿ, ಒಂದೇ ಜಾಗ, ಬಿಗಿ ಹಿಂಡು, ಅಂದರೆ ಎಲ್ಲವೂ ಮಣಪಾಡಿನಂತೆ. ಆದರೆ ಸ್ವತಂತ್ರ ತಜ್ಞರ ಸಮಿತಿ 2013ರ ವರದಿಯಲ್ಲಿ, ತೈಲ ಶೋಧಕ್ಕಾಗಿ ಕಡಲತಳ ಅಳೆಯುತ್ತಿದ್ದ ಹಡಗಿನ ಪ್ರತಿಧ್ವನಿ ಯಂತ್ರವೇ ಅವನ್ನು ಆಳದಿಂದ ಓಡಿಸಿದ್ದಕ್ಕೆ ಹೆಚ್ಚು ಸಂಭವನೀಯ ಕಾರಣ ಎಂದಿತು. ಹತ್ತಿರಕ್ಕೆ ತಂದದ್ದು ಯಂತ್ರ, ಸಿಕ್ಕಿಸಿದ್ದು ಅಳಿವೆ, ಒಟ್ಟಾಗಿ ಕೊಂದದ್ದು ಹಿಂಡಿನ ಒಗ್ಗಟ್ಟು. ಆದ್ದರಿಂದ ಒಂದೇ ಜಾತಿ ಎಂಬ ಸುಳಿವು ಮನುಷ್ಯನನ್ನು ಆರೋಪದಿಂದ ಬಿಡುಗಡೆ ಮಾಡುವುದಿಲ್ಲ. ಆ ದಿನ ಹೊರಗಡಲಿನಲ್ಲಿ ಯಾವ ಹಡಗು ಏನು ಮಾಡುತ್ತಿತ್ತು ಎಂಬ ದಾಖಲೆಯನ್ನೂ ತೆಗೆಸಿ ನೋಡಬೇಕು. ನೀರೇ ಕೊಂದ ಉದಾಹರಣೆ ಬೇಕಿದ್ದರೆ ಅಮೆಜಾನಿನ ಟೆಫೆ ಸರೋವರಕ್ಕೆ ಹೋಗಬೇಕು. 2023ರ ಬರಗಾಲದಲ್ಲಿ ಅಲ್ಲಿಯ ನೀರಿನ ತಾಪ 39 ಡಿಗ್ರಿ ಸೆಲ್ಸಿಯಸ್ ದಾಟಿದಾಗ ನೂರಕ್ಕೂ ಹೆಚ್ಚು ನದಿ ಡಾಲ್ಫಿನ್‌ಗಳು ಸತ್ತವು. ಅವು ಎರಡು ಜಾತಿಯವು, ಸತ್ತದ್ದು ದಡ ಹತ್ತಿಯಲ್ಲ, ನೀರಿನಲ್ಲೇ.

ಇಷ್ಟರ ಮೇಲೆ ಕರ್ನಾಟಕದ ಕರಾವಳಿಗೆ ಬಂದರೆ ಚಿತ್ರವೇ ಬೇರೆ. ಕಾರವಾರದಿಂದ ಮಂಗಳೂರಿನವರೆಗೆ ದಡದ ಬಳಿ ಕಾಣುವವು ಮುಖ್ಯವಾಗಿ ಗೂನುಬೆನ್ನಿನ ಡಾಲ್ಫಿನ್ ಮತ್ತು ಬೆನ್ನುರೆಕ್ಕೆಯಿಲ್ಲದ ಪಾರ್ಪಸ್. ಎರಡೂ ತೀರದ ಪ್ರಾಣಿಗಳು. ಕಾಳಿ, ಅಘನಾಶಿನಿ ಅಳಿವೆಗಳಂಥ ಕಡೆಯ ಕಲಕು ನೀರು, ಮರಳುದಿಬ್ಬ, ಭರತ ಇಳಿತಗಳ ನಡುವೆಯೇ ಇಂಥ ಪ್ರಾಣಿಗಳ ಬದುಕು. ಪೈಲಟ್ ತಿಮಿಂಗಿಲವನ್ನು ಮೋಸಗೊಳಿಸುವ ತಳ ಇವುಗಳ ಮನೆಯಂಗಳ. ಹಿಂಡೂ ಚಿಕ್ಕದು, ಪಾರ್ಪಸ್ ಅಂತೂ ಒಂಟಿ ಅಥವಾ ಎರಡು ಮೂರು. ಇಲ್ಲಿ ದಡಕ್ಕೆ ಬರುವುದು ಸಾಮಾನ್ಯವಾಗಿ ಒಂದೊಂದೇ ಕಳೇಬರ, ಅದೂ ಕೊಳೆತು ಉಬ್ಬಿದ್ದು. ಪತ್ರಿಕೆಗಳಲ್ಲಿ ಅದಕ್ಕೂ ‘ನಿಗೂಢ ಸಾವು’ ಎಂಬ ತಲೆಬರಹ ಬೀಳುತ್ತದೆ. ನಿಗೂಢವೇನೂ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಹಿಂದೂ ಮಹಾಸಾಗರದ ಟ್ಯೂನಾ ಗಿಲ್‌ನೆಟ್‌ಗಳಲ್ಲಿ 1950ರಿಂದ 2018ರವರೆಗೆ ಸುಮಾರು 41 ಲಕ್ಷ ಡಾಲ್ಫಿನ್ ಮೊದಲಾದ ಸಣ್ಣ ಕಡಲಸಸ್ತನಿಗಳು ಸಿಕ್ಕಿಬಿದ್ದಿವೆ ಎಂದು 2020ರ ಅಂದಾಜೊಂದು ಹೇಳುತ್ತದೆ. ಅದು ಟ್ಯೂನಾ ಬಲೆಗಳಷ್ಟರ ಲೆಕ್ಕ. ಬಂಗುಡೆ, ಭೂತಾಯಿಗೆ ಬಿಡುವ ತೀರದ ಬಲೆಗಳು ಅದರಲ್ಲಿ ಸೇರಿಲ್ಲ.

ಬಲೆಯ ಸಾವಿಗೆ ಗುರುತುಗಳಿವೆ. ಈಜುರೆಕ್ಕೆಯ ಮುಂದಿನ ಅಂಚಿನಲ್ಲಿ, ಮೂತಿಯ ಸುತ್ತ, ನೈಲಾನ್ ದಾರ ಕೊಯ್ದ ಸಪೂರ ಗೆರೆ ಇರುತ್ತದೆ. ಶ್ವಾಸನಾಳದಲ್ಲಿ ನೊರೆ, ಹೊಟ್ಟೆಯಲ್ಲಿ ಅರಗದ ಮೀನು: ಸಾಯುವ ಸ್ವಲ್ಪ ಮುಂಚೆ ತಿಂದುಕೊಂಡು ಆರೋಗ್ಯವಾಗಿದ್ದ ಪ್ರಾಣಿ ಎಂದು ಅದರ ಅರ್ಥ. ಬಾಲವನ್ನು ಕತ್ತರಿಸಿದ್ದರೆ ಬಲೆಯಿಂದ ಬಿಡಿಸಲು ಕತ್ತಿ ಬಳಸಿದ್ದಾರೆಂದು ಊಹಿಸಬಹುದು. ಎಲ್ಲ ತಿಮಿಂಗಿಲ, ಡಾಲ್ಫಿನ್‌ಗಳಿಗೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಬಲೆಗೆ ಸಿಕ್ಕಿದ್ದನ್ನು ಬಂದರಿನಲ್ಲಿ ಹೇಳಿಕೊಂಡರೆ ಕೇಸಾದೀತೆಂಬ ಭಯದಿಂದ ಕಡಲಲ್ಲೇ ಬಿಟ್ಟುಬರುವುದು ಅಸಹಜವಲ್ಲ. ಕಾನೂನಿನ ಬಿಗಿಯೇ ಮಾಹಿತಿಯ ಬಾಗಿಲು ಮುಚ್ಚಿಸಿದೆ ಎಂದು ನನಗನಿಸುತ್ತದೆ.

ಕಳೇಬರ ಸಿಕ್ಕ ತಿಂಗಳನ್ನೇ ಸಾವಿನ ತಿಂಗಳೆಂದು ಓದುವುದೂ ತಪ್ಪು ದಾರಿ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ದಡದತ್ತ ಬೀಸುತ್ತದೆ. ದೂರದಲ್ಲಿ ಸತ್ತದ್ದನ್ನೂ ತಂದು ಹಾಕುತ್ತದೆ. ಬೇಸಿಗೆಯ ಶಾಂತ ಕಡಲಿನಲ್ಲಿ ಸತ್ತದ್ದು ದಡ ಕಾಣದೆ ಮುಳುಗಿಬಿಡಬಹುದು. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆಗಸ್ಟಿನಲ್ಲಿ ದೋಣಿಗಳು ಮತ್ತೆ ಇಳಿಯುವಾಗ ಗಾಳಿ ಇನ್ನೂ ದಡದ ಕಡೆಗೇ ಇರುತ್ತದೆ. ಆಗಸ್ಟ್, ಸೆಪ್ಟೆಂಬರಿನ ಕಳೇಬರಗಳನ್ನು ಜೂನ್, ಜುಲೈನವುಗಳಿಂದ ಬೇರೆಯಾಗಿಟ್ಟು ಗಾಯದ ಗುರುತುಗಳನ್ನು ಹೋಲಿಸಿದರೆ ಬಲೆಯ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂದು ಬಿಡಿಸಲು ದಾರಿಯಾದೀತು. ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಡ: ಅಳತೆಪಟ್ಟಿ, ರೆಕ್ಕೆಗಳ ಹತ್ತಿರದ ಫೋಟೊ, ವಯಸ್ಸು ತಿಳಿಯಲು ಒಂದು ಹಲ್ಲು, ಹೊಟ್ಟೆಯಲ್ಲಿದ್ದ ಮೀನಿನ ಕಿವಿಗಲ್ಲು. ಸದ್ದಿನ ಹಾನಿಯನ್ನು ಪರೀಕ್ಷಿಸಬೇಕಾದರೆ ಮಾತ್ರ ಒಳಕಿವಿ ಬೇಕು. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲೇ ಒಳಕಿವಿಯ ಸೂಕ್ಷ್ಮ ಕೋಶಗಳು ಕೆಡತೊಡಗುವುದರಿಂದ, ಉಬ್ಬಿ ತೇಲಿ ಬಂದ ಕಳೇಬರ ಆ ಪರೀಕ್ಷೆಗೆ ಒದಗುವುದಿಲ್ಲ. ಜೀವಂತ ದಡ ಸೇರಿ ಕಣ್ಣೆದುರೇ ಸತ್ತ ಪ್ರಾಣಿಯೇ ಆಗಬೇಕು.